ಪಾದ ಉರಿಯುತ್ತಿದೆ, ವಾಕಿಂಗ್ ಬಿಡಬೇಕಾ?

ಪ್ರಶ್ನೆ: ನನಗೆ 58 ವರ್ಷ, ಊರು ಉಡುಪಿ. ಶುಗರ್ ಶುರುವಾಗಿ 11 ವರ್ಷ ಆಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಳೆದ ಸಲ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.4 ಬಂದಿತ್ತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಜ್ಜರಕಾಡಿನಲ್ಲಿ ಒಂದು ಗಂಟೆ ನಡೆಯುವ ಅಭ್ಯಾಸ. ಕೆಲವು ತಿಂಗಳಿಂದ ಎರಡೂ ಅಂಗಾಲು ಉರಿಯುತ್ತಿವೆ, ಬೆರಳುಗಳಲ್ಲಿ ಜುಮುಜುಮು. ರಾತ್ರಿ ಜಾಸ್ತಿ. ಮಗಳು ವಾಕಿಂಗ್ ನಿಲ್ಲಿಸಿ ಅನ್ನುತ್ತಾಳೆ. ಜೊತೆಗೆ ನಡೆಯುವ ಗೆಳೆಯರು ಮಲ್ಪೆಯ ಮರಳಿನಲ್ಲಿ ಬರಿಗಾಲಲ್ಲಿ ನಡೆದರೆ ನರ ಚುರುಕಾಗುತ್ತದೆ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ವಾಕಿಂಗ್ ಬಿಡಬೇಡಿ. ಬರಿಗಾಲಲ್ಲಿ ಮಾತ್ರ ನಡೆಯಲೇಬೇಡಿ, ಮರಳಿನಲ್ಲೂ ಬೇಡ, ಹುಲ್ಲಿನ ಮೇಲೂ ಬೇಡ, ಮನೆಯೊಳಗೂ ಬೇಡ. ನೀವು ನಡೆಯುವ ರೀತಿಯಲ್ಲಿ ಕೆಲವು ಬದಲಾವಣೆ ಬೇಕು. ಅದಕ್ಕೆ ಮೊದಲು ಪಾದಗಳನ್ನು ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಬೇಕು.

ನಿಮ್ಮ ಪತ್ರದಲ್ಲಿ ಉರಿ ಇದೆ, ಜುಮುಜುಮು ಇದೆ. ಆದರೆ ನನಗೆ ಮುಖ್ಯವಾಗಿ ಬೇಕಿದ್ದ ವಿಷಯವನ್ನು ನೀವು ಬರೆದಿಲ್ಲ. ಪಾದಕ್ಕೆ ಮುಟ್ಟಿದ್ದು ಗೊತ್ತಾಗುತ್ತದಾ? ಚಪ್ಪಲಿ ಕಾಲಿನಿಂದ ಜಾರಿದರೆ ತಿಳಿಯುತ್ತದಾ? ಸ್ನಾನದ ನೀರಿನ ಬಿಸಿ ಕೈಗೆ ತಾಗಿದಷ್ಟೇ ಕಾಲಿಗೂ ತಾಗುತ್ತದಾ? ಉರಿ ಎಂದು ಬರುವ ಎಲ್ಲರನ್ನೂ ನಾನು ಇದನ್ನೇ ಮೊದಲು ಕೇಳುವುದು. ಉರಿಯಿಂದ ನಿದ್ದೆ ಕೆಡುತ್ತದೆ, ಮನಸ್ಸು ಕೆಡುತ್ತದೆ, ಅದನ್ನು ಸಣ್ಣದು ಅನ್ನುವುದಿಲ್ಲ. ಆದರೆ ಕಾಲಿಗೆ ಅಪಾಯ ತರುವುದು ಮರಗಟ್ಟಿದ ಜಾಗ. ಒಂದೇ ಪಾದದಲ್ಲಿ ಉರಿಯೂ ಸ್ಪರ್ಶ ಇಲ್ಲದಿರುವುದೂ ಒಟ್ಟಿಗೆ ಇರಬಹುದು. ಇದು ಅನೇಕರಿಗೆ ಆಶ್ಚರ್ಯ. "ಇಷ್ಟು ಉರಿಯುತ್ತಿದೆ, ಮತ್ತೆ ಗೊತ್ತಾಗುವುದಿಲ್ಲ ಅಂದರೆ ಹೇಗೆ ಡಾಕ್ಟ್ರೇ?" ಅಂತ ಕೇಳುತ್ತಾರೆ. ಕೆಟ್ಟ ನರ ಇಲ್ಲದ ಉರಿಯನ್ನು ಇದೆ ಎಂದು ಹೇಳುತ್ತದೆ, ಇರುವ ಮುಳ್ಳನ್ನು ಹೇಳುವುದಿಲ್ಲ.

ಇದು ಕಾಲಲ್ಲೇ ಯಾಕೆ ಶುರು ಅಂದರೆ, ಬೆರಳ ತುದಿಗೆ ಹೋಗುವ ನರಗಳು ದೇಹದಲ್ಲೇ ಅತಿ ಉದ್ದದವು. ಬೆನ್ನುಮೂಳೆಯ ಹತ್ತಿರದಿಂದ ಹೆಬ್ಬೆರಳ ತನಕ ಒಂದು ಮೀಟರಿನಷ್ಟು ಉದ್ದ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದಾಗ ಅದರ ಪೆಟ್ಟು ಮೊದಲು ಈ ತುದಿಗೇ ಬೀಳುತ್ತದೆ. ಹಾಗಾಗಿ ಎರಡೂ ಕಾಲಿಗೆ ಒಟ್ಟಿಗೆ ಬರುತ್ತದೆ, ಬೆರಳಿನಿಂದ ಶುರುವಾಗಿ ಸಾಕ್ಸ್ ಹಾಕಿದ ಜಾಗದಷ್ಟು ಮೇಲಕ್ಕೆ ಏರುತ್ತದೆ. ರಾತ್ರಿ ಮಲಗಿದ ಮೇಲೆ ಜಾಸ್ತಿಯಾಗುತ್ತದೆ. ನೀವು ಹೇಳಿದ್ದು ಇದಕ್ಕೆ ಹೊಂದುತ್ತದೆ. ಇದಕ್ಕೆ ನ್ಯೂರೋಪತಿ ಎನ್ನುತ್ತೇವೆ.

ಆದರೆ ಶುಗರ್ ಇದ್ದವರ ಎಲ್ಲ ಕಾಲುನೋವೂ ನ್ಯೂರೋಪತಿ ಅಲ್ಲ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾದರೆ ಅದು ಅಂಗಾಲಿನ ಪಟ್ಟಿಯ ನೋವು, ಪ್ಲಾಂಟಾರ್ ಫೇಶಿಯೈಟಿಸ್. ಅದಕ್ಕೆ ಮೀನಖಂಡ ಎಳೆಯುವ ವ್ಯಾಯಾಮ ಮತ್ತು ಮೆತ್ತಗಿನ ಹಿಮ್ಮಡಿಯ ಪಾದರಕ್ಷೆ ಬೇಕು. ಇನ್ನೊಂದು ನೋವು ಇದೆ, ಅದನ್ನು ಯಾವತ್ತೂ ಕಡೆಗಣಿಸಬಾರದು. ಸ್ವಲ್ಪ ದೂರ ನಡೆದ ಕೂಡಲೇ ಮೀನಖಂಡ ಬಿಗಿಯುತ್ತದೆ. ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಮತ್ತೆ ನಡೆದರೆ ಅಷ್ಟೇ ದೂರಕ್ಕೆ ಮತ್ತೆ ಬರುತ್ತದೆ. ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದರೆ ಹೀಗಾಗುತ್ತದೆ. ಬೀಡಿ ಸಿಗರೇಟು ಇದ್ದವರಲ್ಲಿ ಜಾಸ್ತಿ. ಇದಕ್ಕೆ ಕಾಲಿನ ಬಿಪಿಯನ್ನು ಕೈಯ ಬಿಪಿಯ ಜೊತೆ ಹೋಲಿಸುವ ಸುಲಭ ಪರೀಕ್ಷೆ ಇದೆ. ಎರಡರ ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಅಂತ ಅರ್ಥ. ಈ ನೋವಿಗೂ ನಡಿಗೆಯೇ ಔಷಧಿ. ನೋವು ಬರುವ ತನಕ ನಡೆದು, ನಿಂತು, ಮತ್ತೆ ನಡೆಯಲು ನಾವೇ ಹೇಳುತ್ತೇವೆ. ಆದರೆ ರಕ್ತನಾಳ ನೋಡಿಸಿದ ಮೇಲೆ, ಕಾಲಲ್ಲಿ ಗಾಯ ಇಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ. ಮಲಗಿದಾಗಲೂ ಪಾದ ನೋಯುತ್ತಿದ್ದು, ಮಂಚದಿಂದ ಕಾಲು ಇಳಿಬಿಟ್ಟರೆ ಕಡಿಮೆಯಾಗುತ್ತದೆ ಅಂತಾದರೆ ಕಾಯಬೇಡಿ. ಅದು ರಕ್ತ ಬಹಳ ಕಡಿಮೆಯಾಗಿರುವ ಲಕ್ಷಣ.

ಸ್ಪರ್ಶ ಇದೆಯಾ ಇಲ್ಲವಾ ಅಂತ ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಮಗಳನ್ನೇ ಕರೆಯಿರಿ. ನೀವು ಮಲಗಿ ಕಣ್ಣು ಮುಚ್ಚಿ. ಅವಳು ತೋರುಬೆರಳಿನಿಂದ ನಿಮ್ಮ ಹೆಬ್ಬೆರಳು, ಮಧ್ಯದ ಬೆರಳು, ಕಿರುಬೆರಳು, ಈ ಮೂರರ ತುದಿಯನ್ನು ಒಂದೆರಡು ಸೆಕೆಂಡ್ ಸುಮ್ನೆ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಉಜ್ಜಬಾರದು. ಮುಟ್ಟಿದ್ದು ಗೊತ್ತಾದಾಗ ನೀವು ಎಡ ಅಥವಾ ಬಲ ಎನ್ನಿ. ಎರಡೂ ಕಾಲು ಸೇರಿ ಆರು ಬೆರಳು. ಎರಡು ಅಥವಾ ಜಾಸ್ತಿ ಬೆರಳಲ್ಲಿ ಗೊತ್ತಾಗಲಿಲ್ಲ ಅಂದರೆ ಪಾದ ತನ್ನನ್ನು ತಾನು ಕಾಯುವ ಶಕ್ತಿ ಕಳೆದುಕೊಂಡಿದೆ ಅಂತ ತಿಳಿಯಿರಿ. ಆಸ್ಪತ್ರೆಯಲ್ಲಿ ಇದನ್ನೇ ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮತ್ತು ತಟ್ಟಿದರೆ ಕಂಪಿಸುವ ಲೋಹದ ಕವೆ, ಅಂದರೆ ಟ್ಯೂನಿಂಗ್ ಫೋರ್ಕ್‌ನಿಂದ ನೋಡುತ್ತಾರೆ. ಐದು ನಿಮಿಷದ ಕೆಲಸ. ಶುಗರ್ ಇದ್ದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು. ರಕ್ತ ಪರೀಕ್ಷೆಗೆ ತಪ್ಪದೆ ಹೋಗುವ ನಮ್ಮ ಜನ ಸಾಕ್ಸ್ ತೆಗೆದು ಪಾದ ತೋರಿಸಲು ಸಂಕೋಚ ಪಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಈಗ ವಾಕಿಂಗ್ ವಿಚಾರ. ಮಗಳ ಮಾತಿಗೆ ಆಧಾರ ಇಲ್ಲ ಅಂತಲ್ಲ. ಸ್ಪರ್ಶ ಕಳೆದುಕೊಂಡವರು ನಡೆಯಬಾರದು, ಸೈಕಲ್ ತುಳಿಯಲಿ, ಈಜಲಿ ಎಂದು ವೈದ್ಯರೇ ಹೇಳುತ್ತಿದ್ದ ಕಾಲ ಇತ್ತು. ಆಮೇಲೆ ನ್ಯೂರೋಪತಿ ಇದ್ದವರನ್ನು ಸರಿಯಾದ ಪಾದರಕ್ಷೆ ಹಾಕಿಸಿ ನಡೆಸಿ ನೋಡಿದಾಗ ಹುಣ್ಣು ಜಾಸ್ತಿ ಆಗಲಿಲ್ಲ. 2010ರಲ್ಲಿ ಅಮೆರಿಕದ ಡಯಾಬಿಟಿಸ್ ಸಂಘ ಮತ್ತು ಕ್ರೀಡಾ ವೈದ್ಯರ ಕಾಲೇಜು ಜೊತೆಯಾಗಿ ಕೊಟ್ಟ ಸಲಹೆಯಲ್ಲಿ, ಕಾಲಲ್ಲಿ ಹುಣ್ಣು ಇಲ್ಲದಿದ್ದರೆ ನ್ಯೂರೋಪತಿ ಇದ್ದರೂ ಹಿತಮಿತವಾಗಿ ನಡೆಯಬಹುದು ಅಂತ ಸ್ಪಷ್ಟವಾಗಿ ಬಂತು. ನಿಂತುಬಿಟ್ಟರೆ ಆಗುವ ನಷ್ಟ ದೊಡ್ಡದು. ಶುಗರ್ ಏರುತ್ತದೆ, ತೊಡೆಯ ಬಲ ಹೋಗುತ್ತದೆ, ಬ್ಯಾಲೆನ್ಸ್ ತಪ್ಪುತ್ತದೆ. ಆಮೇಲೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಬರುತ್ತಾರೆ.

ಆದರೆ ಖಾಲಿ ಹೊಟ್ಟೆಯಲ್ಲಿ ಒಂದೇ ಸಲ ಒಂದು ಗಂಟೆ, ಇದನ್ನು ನೀವು ಬದಲಿಸಬೇಕು. ಎರಡು ಕಾರಣ ಇದೆ. ಒಂದು ಗ್ಲಿಮೆಪಿರೈಡ್. ಈ ಮಾತ್ರೆ, ಇನ್ಸುಲಿನ್ ಹಾಗೆಯೇ, ಶುಗರನ್ನು ತೀರಾ ಕೆಳಗೆ ಇಳಿಸಬಲ್ಲದು. ಬರೀ ಮೆಟ್‌ಫಾರ್ಮಿನ್ ಆಗಿದ್ದರೆ ಈ ಭಯ ಬಹಳ ಕಡಿಮೆ. ಹೊರಡುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ. 100ಕ್ಕಿಂತ ಕೆಳಗೆ ಇದ್ದರೆ ಒಂದು ಸಣ್ಣ ಬಾಳೆಹಣ್ಣು ತಿಂದು ಹೊರಡಿ. ಕಿಸೆಯಲ್ಲಿ ಗ್ಲುಕೋಸ್ ಪುಡಿ ಇರಲಿ. ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ನಿಂತು ಮೂರು ಚಮಚ ತಿನ್ನಿ, 15 ನಿಮಿಷ ಕೂತು ಮತ್ತೆ ನೋಡಿ. ಮನೆಗೆ ಹೋಗಿ ನೋಡುವ ಅಂತ ನಡೆಯುತ್ತಾ ಇರಬೇಡಿ. ಶುಗರ್ 300 ದಾಟಿದ್ದರೆ ಆ ದಿನ ಬಿರುಸಿನ ನಡಿಗೆ ಬೇಡ, ನೀರು ಕುಡಿಯಿರಿ, ಯಾಕೆ ಏರಿತು ನೋಡಿ.

ಇನ್ನೊಂದು ಕಾರಣ ಪಾದದ್ದೇ. ಒಂದು ಗಂಟೆ ಎಡೆಬಿಡದೆ ನಡೆದಾಗ ಒಂದೇ ಜಾಗದ ಮೇಲೆ ಸಾವಿರಾರು ಸಲ ಭಾರ ಬೀಳುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಸರ್ಜನ್ ಪಾಲ್ ಬ್ರ್ಯಾಂಡ್ ಇದನ್ನು ಕುಷ್ಠರೋಗಿಗಳ ಪಾದ ನೋಡಿ ಕಂಡುಕೊಂಡರು. ಆ ಪಾದಗಳು ರೋಗದಿಂದ ಕೊಳೆಯುತ್ತವೆ ಅಂತ ಜನ ನಂಬಿದ್ದರು. ನೋವು ಗೊತ್ತಾಗದೆ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ತುಳಿಯುವುದೇ ಹುಣ್ಣಿಗೆ ಕಾರಣ ಅಂತ ಅವರು ತೋರಿಸಿದರು. ನಮಗೆ ಅಂಗಾಲಲ್ಲಿ ಒಂದು ಜಾಗ ನೊಂದರೆ ಗೊತ್ತಿಲ್ಲದೆಯೇ ಭಾರವನ್ನು ಬೇರೆ ಕಡೆ ಹಾಕುತ್ತೇವೆ, ಸ್ವಲ್ಪ ಕುಂಟುತ್ತೇವೆ. ಸ್ಪರ್ಶ ಇಲ್ಲದವರು ಕುಂಟುವುದಿಲ್ಲ. ಮೊದಲ ಹೆಜ್ಜೆ ಇಟ್ಟ ಹಾಗೆಯೇ ಕೊನೆಯ ಹೆಜ್ಜೆಯನ್ನೂ ಇಡುತ್ತಾರೆ. ಶುಗರ್ ಕಾಲಿಗೂ ಇದೇ ಲೆಕ್ಕ.

ಹಾಗಾಗಿ ನಡಿಗೆಯನ್ನು ತುಂಡು ಮಾಡಿ. ತಿಂಡಿ ಆದ ಮೇಲೆ 10 ನಿಮಿಷ, ಮಧ್ಯಾಹ್ನ ಊಟದ ಮೇಲೆ 10, ರಾತ್ರಿ ಊಟದ ಮೇಲೆ 10. ವಾರಕ್ಕೆ ಐದು ದಿನ ಮಾಡಿದರೂ 150 ನಿಮಿಷ ಆಯಿತು. ಶುಗರ್ ಇದ್ದವರಿಗೆ ಹೇಳುವ ಲೆಕ್ಕವೂ ಅಷ್ಟೇ, ಅಲ್ವಾ? ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡಬಾರದು ಅಷ್ಟೆ. ಇದರಲ್ಲಿ ಪಾದಕ್ಕೆ ವಿರಾಮ ಸಿಗುತ್ತದೆ, ಶುಗರ್ ಏರುವ ಹೊತ್ತಿಗೇ ಸ್ನಾಯು ಅದನ್ನು ಬಳಸುತ್ತದೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತ್ತು. ಯಾವಾಗಲಾದರೂ 30 ನಿಮಿಷ ನಡೆಯಿರಿ ಅಂದದ್ದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆಯಿರಿ ಅಂದಾಗ ಊಟದ ನಂತರದ ಶುಗರ್ ಸರಾಸರಿ 12 ಶೇಕಡಾ ಕಡಿಮೆ ಬಂತು. ರಾತ್ರಿ ಊಟದ ನಂತರ 22 ಶೇಕಡಾ. ಮೂರು ಹೊತ್ತೂ ಕುಚ್ಚಲಕ್ಕಿ, ದೋಸೆ, ಇಡ್ಲಿ ಎಂದು ಅಕ್ಕಿಯನ್ನೇ ತಿನ್ನುವ ನಮಗೆ ಇದು ಬಹಳ ದೊಡ್ಡ ಲಾಭ. ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂರುವ ಬದಲು ಚಾವಡಿಯಲ್ಲೇ ಆಚೆ ಈಚೆ ಹೋಗಿ. ಅದೂ ವಾಕಿಂಗೇ.

ಅಜ್ಜರಕಾಡಿನ ಗೆಳೆಯರನ್ನು ಬಿಡಬೇಕಾಗಿಲ್ಲ. ತಿಂಡಿ ತಿಂದು ಹೋಗಿ, 10 ನಿಮಿಷ ನಡೆದು ಬೆಂಚಿನ ಮೇಲೆ ಕೂತು ಮಾತಾಡಿ, ಮತ್ತೆ 10 ನಿಮಿಷ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿದ್ದರೆ ಸಾಕು. ಪಾದ ಪರೀಕ್ಷೆ ಆಗಿ ಎಲ್ಲ ಸರಿ ಇದೆ ಅಂತಾದರೆ ವಾರಕ್ಕೆ ಎರಡು ಮೂರು ನಿಮಿಷದ ಹಾಗೆ ಏರಿಸಿ. ಸಮತಟ್ಟಾದ ಜಾಗ ಹುಡುಕಿ. ಮಣಿಪಾಲದ ಮಣ್ಣಪಳ್ಳದ ಸುತ್ತಲಿನ ದಾರಿ, ಮಂಗಳೂರಿನವರಾದರೆ ಕದ್ರಿ ಪಾರ್ಕು ಅಥವಾ ಮಂಗಳಾ ಸ್ಟೇಡಿಯಂ ಕಡೆ, ಇಂಥ ಜಾಗ ಒಳ್ಳೆಯದು. ನಮ್ಮ ಏರುತಗ್ಗಿನ ಒಳರಸ್ತೆಗಳಲ್ಲಿ ಇಳಿಜಾರು ಇಳಿಯುವಾಗ ಬೆರಳುಗಳು ಶೂನ ಮುಂದಕ್ಕೆ ಒತ್ತುತ್ತವೆ. ಅಲ್ಲಿ ಉಗುರು ಕಪ್ಪಾಗುತ್ತದೆ. ನಡೆಯುವಾಗ ಎದೆ ಬಿಗಿದರೆ, ಯಾವತ್ತೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿ, ಅದೇ ದಿನ ವೈದ್ಯರನ್ನು ಕಾಣಿ. ಶುಗರ್ ಇದ್ದವರಿಗೆ ಹೃದಯದ ತೊಂದರೆ ಎದೆನೋವಿಲ್ಲದೆಯೂ ಬರಬಹುದು.

ಇನ್ನು ಬರಿಗಾಲು. ನಿಮ್ಮ ಗೆಳೆಯರು ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಅದು ನನಗೆ ಗೊತ್ತು. ಇಬ್ಬನಿಯ ಹುಲ್ಲಿನ ಮೇಲೆ ನಡೆದರೆ ತಂಪು, ಮರಳಿನಲ್ಲಿ ನಡೆದರೆ ಮಸಾಜ್, ಗುಂಡುಕಲ್ಲು ಹಾಸಿದ ಆಕ್ಯುಪ್ರೆಶರ್ ದಾರಿಯಲ್ಲಿ ನಡೆದರೆ ನರ ಎಚ್ಚರ, ಈ ಮಾತು ಎಲ್ಲ ಪಾರ್ಕಿನಲ್ಲೂ ಕೇಳಿಬರುತ್ತದೆ. ಮುಳ್ಳುಮುಳ್ಳಿನ ಆಕ್ಯುಪ್ರೆಶರ್ ಚಪ್ಪಲಿಯನ್ನು ಮಕ್ಕಳು ಅಪ್ಪನಿಗೆ ಪ್ರೀತಿಯಿಂದ ತಂದುಕೊಡುತ್ತಾರೆ. ದಯವಿಟ್ಟು ಬೇಡ. ಒತ್ತಿದರೆ ಸತ್ತ ನರ ಬದುಕುವುದಿಲ್ಲ. ಚರ್ಮ ಮಾತ್ರ ಸೀಳುತ್ತದೆ. ಮಲ್ಪೆಯ ಮರಳಲ್ಲಿ ಚಿಪ್ಪು, ಮೀನಿನ ಮುಳ್ಳು, ಬಲೆಯ ತುಂಡು, ಬಾಟಲಿಯ ಚೂರು ಎಲ್ಲ ಇರುತ್ತದೆ. ಮೆತ್ತಗಿನ ಮರಳಲ್ಲಿ ಪಾದ ಹೂತು ಕಣಕಾಲು ತಿರುಚುತ್ತದೆ, ಬ್ಯಾಲೆನ್ಸ್ ಕಡಿಮೆ ಇದ್ದವರು ಬೀಳುತ್ತಾರೆ. ಸಮುದ್ರ ನೋಡುವ ಆಸೆ ಇದ್ದರೆ ಮುಚ್ಚಿದ ಶೂ ಹಾಕಿ ಗಟ್ಟಿ ದಾರಿಯಲ್ಲಿ ನಡೆದು ನೋಡಿ.

ಬೇಸಿಗೆ ಬಂತೆಂದರೆ ನಾವು ಒಂದು ಬಗೆಯ ಗಾಯವನ್ನು ಮತ್ತೆ ಮತ್ತೆ ನೋಡುತ್ತೇವೆ. ಮಾರ್ಚ್‌ನಿಂದ ಮೇ ತನಕ ಊರಲ್ಲಿ ರಥೋತ್ಸವ, ನೇಮ, ಬ್ರಹ್ಮಕಲಶ. ಮಧ್ಯಾಹ್ನ ಸುಡುವ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ. ಒಬ್ಬರಿಗೆ ಹೀಗೇ ಆಯಿತು. ಪ್ರದಕ್ಷಿಣೆ ಮುಗಿಸಿ, ಊಟ ಮಾಡಿ, ಬಸ್ಸಲ್ಲಿ ಮನೆಗೆ ಬಂದಿದ್ದಾರೆ. ಏನೂ ನೋವಿಲ್ಲ. ಕಪ್ಪು ನೆಲದ ಮೇಲೆ ತನ್ನದೇ ಒದ್ದೆ ಹೆಜ್ಜೆ ಕಂಡಾಗ ನೀರು ಎಲ್ಲಿಂದ ಬಂತು ಅಂತ ನೋಡಿದರೆ, ಎರಡೂ ಅಂಗಾಲಲ್ಲಿ ಅಂಗೈ ಅಗಲದ ನೀರುಗುಳ್ಳೆ ಒಡೆದಿತ್ತು. ಪಕ್ಕದಲ್ಲಿದ್ದವರೆಲ್ಲ "ಅಬ್ಬಾ ಬಿಸಿ" ಅಂತ ಹಾರುತ್ತಿದ್ದರಂತೆ. ಇವರಿಗೆ ಅದು ತನ್ನ ಭಕ್ತಿಗೆ ಬಂದ ಶಕ್ತಿ ಅನಿಸಿತ್ತು. ಗಾಯ ವಾಸಿಯಾಗಲು ತಿಂಗಳುಗಳೇ ಹಿಡಿದವು.

ದೇವಸ್ಥಾನಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸೂರ್ಯ ಏರುವ ಮೊದಲು ಅಥವಾ ಸಂಜೆ ನೆಲ ತಣಿದ ಮೇಲೆ ಹೋಗಿ. ದೇವಸ್ಥಾನಕ್ಕೆಂದೇ ಒಗೆದಿಟ್ಟ ಒಂದು ಜೊತೆ ದಪ್ಪ ಕಾಟನ್ ಸಾಕ್ಸ್ ಚೀಲದಲ್ಲಿರಲಿ. ಶುಗರ್ ಕಾಲು, ಡಾಕ್ಟರ್ ಹೇಳಿದ್ದಾರೆ ಅಂತ ಅಲ್ಲಿನವರಲ್ಲಿ ಕೇಳಿ ನೋಡಿ. ರಥಬೀದಿಯ ಸುತ್ತು ಚಪ್ಪಲಿ ಹಾಕಿಯೇ ಬರಬಹುದಲ್ಲ, ಮಠದ ಬಾಗಿಲಲ್ಲಿ ಬಿಟ್ಟರೆ ಸಾಕು. ಬಂದ ಕೂಡಲೇ ಕಾಲು ತೊಳೆದು ಅಂಗಾಲು ನೋಡಿ. ಇದೇ ಜಾತಿಗೆ ಸೇರಿದ್ದು ಬಸ್ಸಿನ ಮುಂದಿನ ಸೀಟು. ಎಂಜಿನ್ನಿನ ಬಿಸಿ ಮುಚ್ಚಳದ ಪಕ್ಕ ಪಾದ ಇಟ್ಟು ನಿದ್ದೆ ಹೋದರೆ ಇಳಿಯುವಾಗ ಸುಟ್ಟಿರುತ್ತದೆ. ಹಂಡೆಯ ಬಿಸಿನೀರನ್ನು ಕಾಲಿಗೆ ಸುರಿಯುವ ಮೊದಲು ಮೊಣಕೈಯಿಂದ ಮುಟ್ಟಿ ನೋಡಿ. ಉರಿ ಅಂತ ಐಸ್ ನೀರಲ್ಲಿ ಕಾಲು ಅದ್ದಬೇಡಿ, ಚರ್ಮ ಕೆಡುತ್ತದೆ. ಬಿಸಿನೀರಿನ ಚೀಲದ ಶಾಖವೂ ಬೇಡ. ಫ್ಯಾನ್ ಗಾಳಿ ಪರವಾಗಿಲ್ಲ.

ಪಾದರಕ್ಷೆಗೆ ನೀವು ಖರ್ಚು ಮಾಡುವ ಹಣ ಔಷಧಿಗೆ ಕೊಟ್ಟಷ್ಟೇ ಸಾರ್ಥಕ. ವಾಕಿಂಗಿಗೆ ಮುಂಭಾಗ ಅಗಲವಾದ, ಒಳಗೆ ಹೊಲಿಗೆ ಚುಚ್ಚದ, ಲೇಸ್ ಅಥವಾ ವೆಲ್‌ಕ್ರೋ ಇರುವ ಸ್ಪೋರ್ಟ್ಸ್ ಶೂ. ಮನೆಯೊಳಗೆ, ಅಂಗಳಕ್ಕೆ ಹಿಂದೆ ಪಟ್ಟಿ ಇರುವ ಎಂಸಿಆರ್ ಚಪ್ಪಲಿ. ಎಂಸಿಆರ್ ಅಂದರೆ ಮೈಕ್ರೋಸೆಲ್ಯುಲಾರ್ ರಬ್ಬರ್, ಒತ್ತಿದರೆ ತಗ್ಗಿ ಮತ್ತೆ ಮೇಲೇಳುವ ರಬ್ಬರ್. ಹವಾಯಿ ಚಪ್ಪಲಿ ಬೇಡ. ಬೆರಳ ಸಂದಿಯಲ್ಲಿ ಪಟ್ಟಿ ಉಜ್ಜುತ್ತದೆ, ಅದನ್ನು ಕಾಲಲ್ಲಿ ಹಿಡಿದುಕೊಳ್ಳಲು ಬೆರಳು ಮಡಚಬೇಕಾಗುತ್ತದೆ, ಜಾರಿ ಬಿದ್ದರೆ ಗೊತ್ತೂ ಆಗುವುದಿಲ್ಲ. ಅಂಗುಷ್ಠದ ಚಪ್ಪಲಿಯೂ ಹಾಗೆಯೇ.

ಶೂ ಕೊಳ್ಳಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹೋಗುವ ಮೊದಲು ಕಾಗದದ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದು ಕತ್ತರಿಸಿಕೊಳ್ಳಿ. ಅಂಗಡಿಯಲ್ಲಿ ಆ ಕಾಗದವನ್ನು ಶೂ ಒಳಗೆ ಜಾರಿಸಿ. ಅಂಚು ಎಲ್ಲಿಯಾದರೂ ಮಡಚಿಕೊಂಡರೆ ಆ ಶೂ ನಿಮಗಲ್ಲ. ಇಷ್ಟು ತಲೆನೋವು ಯಾಕೆ, ಕಾಲಿಗೆ ಹಾಕಿ ನೋಡಿದರೆ ಸಾಲದಾ ಅನ್ನಬಹುದು. ಸಾಲದು. ಸ್ಪರ್ಶ ಕಡಿಮೆಯಾದವರಿಗೆ ಸರಿಯಾದ ಅಳತೆಯ ಶೂ ಸಡಿಲ ಅನಿಸುತ್ತದೆ. ಬಿಗಿಯಾದದ್ದೇ "ಸರಿ ಕೂತಿದೆ" ಅನಿಸುತ್ತದೆ, ಯಾಕೆಂದರೆ ಅದು ಮಾತ್ರ ಗೊತ್ತಾಗುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ಹೊಸ ಶೂ ಮೊದಲ ದಿನ ಒಂದು ಗಂಟೆ ಮನೆಯಲ್ಲೇ ಹಾಕಿ ತೆಗೆದು ನೋಡಿ. ಕೆಂಪು ಕಲೆ ಅರ್ಧ ಗಂಟೆಯಾದರೂ ಹೋಗದಿದ್ದರೆ ಆ ಜಾಗ ಒತ್ತುತ್ತಿದೆ. ಸಾಕ್ಸ್ ಬಿಳಿ ಬಣ್ಣದ್ದು ಹಾಕಿ. ರಕ್ತವೋ ಕೀವೋ ಚೂರು ಅಂಟಿದರೂ ಕಾಣುತ್ತದೆ, ಕಪ್ಪು ಸಾಕ್ಸ್‌ನಲ್ಲಿ ಕಾಣುವುದಿಲ್ಲ. ಪ್ರತಿ ಸಲ ಶೂ ಹಾಕುವ ಮೊದಲು ತಲೆಕೆಳಗೆ ಮಾಡಿ ಕೊಡವಿ, ಒಳಗೆ ಕೈ ಹಾಕಿ ಸವರಿ. ಒಂದು ಅಡಿಕೆ ಸಿಪ್ಪೆಯ ಚೂರಿನ ಮೇಲೆ ಇಡೀ ದಿನ ನಡೆದು ಬಂದವರನ್ನು ನೋಡಿದ್ದೇನೆ.

ಮಳೆಗಾಲ ಬೇರೆಯೇ ಕಥೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಶೂ ಒಣಗುವುದೇ ಇಲ್ಲ. ಎರಡು ಜೊತೆ ಇಟ್ಟುಕೊಂಡು ಬದಲಿಸಿ, ಒದ್ದೆ ಜೊತೆಗೆ ಪೇಪರ್ ತುರುಕಿ ಇಡಿ. ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಒರೆಸಿ. ಅಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿದ್ದರೆ ಶಿಲೀಂಧ್ರ ಹಿಡಿದಿದೆ, ಮುಲಾಮು ಬೇಕು. ಆ ಬಿರುಕಿನಿಂದಲೇ ಸೋಂಕು ಒಳಗೆ ಹೋಗುವುದು. ಹಿಮ್ಮಡಿ ಒಣಗಿದ್ದರೆ ತೆಂಗಿನೆಣ್ಣೆ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ. ಪಾಚಿ ಕಟ್ಟಿದ ಅಂಗಳ, ಮುರಕಲ್ಲಿನ ಮೆಟ್ಟಿಲು ನ್ಯೂರೋಪತಿ ಇದ್ದವರಿಗೆ ಬಹಳ ಅಪಾಯ. ಬೆಳಕಿದ್ದಾಗ ಕಣ್ಣು ಬ್ಯಾಲೆನ್ಸ್ ಕಾಯುತ್ತದೆ, ಕರೆಂಟು ಹೋದರೆ ಅದೂ ಇಲ್ಲ. ಜೋರು ಮಳೆಯ ದಿನ ಮನೆಯೊಳಗೇ ನಡೆಯಿರಿ. ಇಲ್ಲವೇ ಕುರ್ಚಿಯಲ್ಲಿ ಕೂತು ಏಳುವುದನ್ನು ಹತ್ತು ಸಲ, ಗೋಡೆ ಹಿಡಿದು ಹಿಮ್ಮಡಿ ಎತ್ತುವುದನ್ನು ಹತ್ತು ಸಲ ಮಾಡಿ. ಇದರಿಂದ ತೊಡೆ, ಮೀನಖಂಡಕ್ಕೆ ಬಲ ಬರುತ್ತದೆ.

ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಡಿ, ಅಥವಾ ಮಗಳ ಮೊಬೈಲಿನಲ್ಲಿ ಫೋಟೋ ತೆಗೆಸಿ. ನಿಮ್ಮ ಬಗ್ಗೆ ಕಾಳಜಿ ಇರುವ ಆ ಹುಡುಗಿಗೆ ವಾಕಿಂಗ್ ನಿಲ್ಲಿಸುವುದಕ್ಕಿಂತ ಈ ಕೆಲಸ ಕೊಡಿ. ಆಣಿ ಇದ್ದರೆ ಬ್ಲೇಡಿನಿಂದ ಕೊಯ್ಯಬೇಡಿ. ಮೆಡಿಕಲ್ ಅಂಗಡಿಯ ಕಾರ್ನ್ ಕ್ಯಾಪ್ ಅಂಟಿಸಬೇಡಿ, ಅದರಲ್ಲಿರುವ ಆಸಿಡ್ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ದಪ್ಪಗಟ್ಟಿದ ಚರ್ಮದ ಅಡಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಒಳಗೆ ರಕ್ತ ಇಳಿದಿದೆ, ಹುಣ್ಣು ಆಗಲು ಹೊರಟಿದೆ. ತಡಮಾಡದೆ ತೋರಿಸಿ.

ನಡಿಗೆಯನ್ನು ಅದೇ ದಿನ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ಎಷ್ಟು ಸಣ್ಣದಾದರೂ ತೆರೆದ ಗಾಯ, ನೀರುಗುಳ್ಳೆ, ಕೀವು, ಬೆರಳು ಕಪ್ಪಾಗುವುದು. ಮತ್ತೊಂದನ್ನು ಜನ ಉಳುಕು ಅಂತ ತಿಳಿದು ಎಣ್ಣೆ ತಿಕ್ಕಿಸುತ್ತಾರೆ. ಒಂದೇ ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿರುವುದು. ಗಾಯ ಇಲ್ಲ, ನೋವೂ ಅಷ್ಟಿಲ್ಲ. ಇದು ಶಾರ್ಕೋ ಪಾದ ಆಗಿರಬಹುದು. ಒಳಗೆ ಮೂಳೆ ಪುಡಿಯಾಗುತ್ತಿರುತ್ತದೆ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಆ ಕಾಲಿಗೆ ಭಾರ ಹಾಕುತ್ತಾ ಹೋದರೆ ಪಾದದ ಕಮಾನು ಕುಸಿದು ಆಕಾರವೇ ಹೋಗುತ್ತದೆ. ಕೈಯ ಹಿಂಭಾಗದಿಂದ ಎರಡೂ ಪಾದ ಮುಟ್ಟಿ ನೋಡಿ, ಬಿಸಿಯ ವ್ಯತ್ಯಾಸ ಗೊತ್ತಾಗುತ್ತದೆ. ಇಂಥದ್ದು ಕಂಡರೆ ನಡೆದುಕೊಂಡು ಹೋಗದೆ, ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋಗಿ.

ಉರಿಗೆ ಮಾತ್ರೆ ಇದೆ. ಪ್ರಿಗ್ಯಾಬಲಿನ್, ಡುಲೋಕ್ಸಿಟಿನ್, ಅಮಿಟ್ರಿಪ್ಟಿಲಿನ್, ಇವುಗಳಲ್ಲಿ ಯಾವುದು ಎಂದು ನಿಮ್ಮ ಕಿಡ್ನಿ, ಹೃದಯ, ಬಿಪಿ ನೋಡಿ ವೈದ್ಯರು ಆರಿಸಬೇಕು. ಇವು ನೋವು ಕಡಿಮೆ ಮಾಡುತ್ತವೆ, ನರವನ್ನು ಸರಿಮಾಡುವುದಿಲ್ಲ. ಪ್ರಿಗ್ಯಾಬಲಿನ್ ಕೆಲವರಿಗೆ ತಲೆ ತಿರುಗಿಸುತ್ತದೆ, ಕಾಲು ಊದಿಸುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದಾಗ ಲೈಟ್ ಹಾಕಿಯೇ ಹೋಗಿ. ವಿಟಮಿನ್ ಬಿ12 ಪರೀಕ್ಷೆ ನೀವು ಕೇಳಿ ಮಾಡಿಸಬೇಕಾದದ್ದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅದು ಇಳಿಯುತ್ತದೆ. ಸಸ್ಯಾಹಾರಿಗಳಾಗಿದ್ದರೆ ಇನ್ನೂ ಜಾಸ್ತಿ. ಅದರ ಕೊರತೆಯಿಂದಲೂ ಇದೇ ಉರಿ, ಇದೇ ಜುಮುಜುಮು. ಅದನ್ನು ಸರಿಮಾಡಬಹುದು, ಅದೇ ಸಮಾಧಾನ.

ನಿಮ್ಮ 8.4 ಇಳಿಯಬೇಕು, ನಿಜ. ಆದರೆ ಹಠ ಹಿಡಿದು ಅನ್ನ ಪೂರ್ತಿ ಬಿಟ್ಟು, ಎರಡು ಹೊತ್ತು ಓಡಿ ತಿಂಗಳಲ್ಲಿ ಇಳಿಸಲು ಹೋಗಬೇಡಿ. ಮೂರು ತಿಂಗಳೊಳಗೆ ಎಚ್‌ಬಿಎ1ಸಿ 2ಕ್ಕಿಂತ ಜಾಸ್ತಿ ಅಂಕ ಕುಸಿದರೆ ಕೆಲವರಿಗೆ ನರದ ಉರಿ ಹೊಸದಾಗಿ ಜೋರಾಗಿ ಬರುತ್ತದೆ. ನಿಧಾನಕ್ಕೆ ಇಳಿಯಲಿ. ನಡಿಗೆ ಜಾಸ್ತಿಯಾದಂತೆ ಗ್ಲಿಮೆಪಿರೈಡ್ ಪ್ರಮಾಣವನ್ನೂ ವೈದ್ಯರು ಕಡಿಮೆ ಮಾಡಬೇಕಾಗಬಹುದು, ಹಾಗಾಗಿ ಗ್ಲುಕೋಮೀಟರ್ ಅಂಕಿಗಳನ್ನು ಬರೆದಿಡಿ.

ಈ ವಾರವೇ ಪಾದ ಪರೀಕ್ಷೆಗೆ ಹೋಗಿ. ನಿಮಗೆ ಮಣಿಪಾಲ ಹತ್ತಿರ, ಅಲ್ಲಿ ಡಯಾಬಿಟಿಸ್ ಪಾದಗಳಿಗೇ ಪ್ರತ್ಯೇಕ ವಿಭಾಗ ಇದೆ. ಮಂಗಳೂರಿನ ಓದುಗರು ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. ಹೋಗುವಾಗ ದಿನಾ ವಾಕಿಂಗಿಗೆ ಹಾಕುವ ಶೂ, ಮನೆಯಲ್ಲಿ ಹಾಕುವ ಚಪ್ಪಲಿ ಎರಡನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಒಳಹಾಸು ಎಲ್ಲಿ ತಗ್ಗಿದೆ, ಅಡಿ ಯಾವ ಬದಿಗೆ ಸವೆದಿದೆ ನೋಡಿದರೆ ಭಾರ ಎಲ್ಲಿ ಬೀಳುತ್ತಿದೆ ಅಂತ ಗೊತ್ತಾಗುತ್ತದೆ. ಸ್ಪರ್ಶ ಪರೀಕ್ಷೆ, ಪಾದದ ನಾಡಿ, ಬಿ12, ಈ ಮೂರನ್ನು ಬಾಯಿಬಿಟ್ಟು ಕೇಳಿ. ಸ್ಪರ್ಶ ಸರಿ ಇದ್ದರೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಸ್ಪರ್ಶ ಮಾತ್ರ ಹೋಗಿದ್ದರೆ ಆರು ತಿಂಗಳಿಗೊಮ್ಮೆಯಾದರೂ ತೋರಿಸಿ. ಸ್ಪರ್ಶ ಹೋಗಿ ನಾಡಿಯೂ ಸಿಗದಿದ್ದರೆ, ಅಥವಾ ಪಾದದ ಆಕಾರ ಬದಲಾಗಿದ್ದರೆ, ಮೂರರಿಂದ ಆರು ತಿಂಗಳಿಗೊಮ್ಮೆ. ಅಲ್ಲಿ ತನಕ ಊಟದ ನಂತರದ 10 ನಿಮಿಷದ ನಡಿಗೆಯನ್ನು ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಇವತ್ತೇ ಶುರುಮಾಡಬಹುದು, ಅಂಗಾಲಲ್ಲಿ ಗಾಯ ಇಲ್ಲ ಅಂತ ಮಗಳು ನೋಡಿ ಹೇಳಿದ ಮೇಲೆ.